ರಣಹದ್ದಿನ ಉಳಿವು ದನದ ಕೊಟ್ಟಿಗೆಯಲ್ಲಿದೆ

ಈ ಪತ್ರಿಕೆಯ ಓದುಗರಲ್ಲಿ ಐವತ್ತು ವರ್ಷ ದಾಟಿದವರಿಗೆ ರಣಹದ್ದಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಊರ ಹೊರಗಿನ ಹಳ್ಳದ ದಂಡೆಗೆ ಸತ್ತ ಎತ್ತನ್ನೋ ಎಮ್ಮೆಯನ್ನೋ ಎಳೆದು ಹಾಕಿದ ಕೆಲವೇ ತಾಸುಗಳಲ್ಲಿ ಅವು ಆಕಾಶದಲ್ಲಿ ಚುಕ್ಕೆಗಳಂತೆ ಕಾಣಿಸಿಕೊಳ್ಳುತ್ತಿದ್ದವು. ಸುತ್ತು ಹಾಕುತ್ತ ಇಳಿದು, ಒಂದರ ಮೇಲೊಂದು ಬಿದ್ದು ಕಿತ್ತಾಡಿ, ಸಂಜೆಯೊಳಗೆ ಎಲುಬಿನ ಗೂಡನ್ನಷ್ಟೇ ಉಳಿಸಿ ಹೋಗುತ್ತಿದ್ದವು. ಮೂವತ್ತರ ಒಳಗಿನ ರೈತರಿಗೆ ಮಾತ್ರ ಈ ಹಕ್ಕಿ ಪಠ್ಯಪುಸ್ತಕದ ಒಂದು ಚಿತ್ರ, ಇಲ್ಲವೇ ರಾಮಾಯಣದ ಜಟಾಯು. ಒಂದೇ ತಲೆಮಾರಿನ ಅವಧಿಯಲ್ಲಿ ಇಷ್ಟು ದೊಡ್ಡ ಹಕ್ಕಿ, ಇಷ್ಟು ದೊಡ್ಡ ಸಂಖ್ಯೆಯಲ್ಲಿ, ಇಷ್ಟು ಸದ್ದಿಲ್ಲದೆ ಕಣ್ಮರೆಯಾದ ಉದಾಹರಣೆ ನಮ್ಮ ದೇಶದಲ್ಲಿ ಬೇರೊಂದಿಲ್ಲ.

ಬೇಸಾಯಶಾಸ್ತ್ರದವನೊಬ್ಬ ಬೀಜ, ಗೊಬ್ಬರ, ಕಳೆಗಳ ವಿಷಯ ಬಿಟ್ಟು ಹದ್ದಿನ ವಿಷಯ ಬರೆಯುವುದೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಹುಲಿ, ಆನೆಗಳ ರಕ್ಷಣೆ ಬಹುಮಟ್ಟಿಗೆ ಅರಣ್ಯ ಇಲಾಖೆಯ ಕೆಲಸ. ಅದಕ್ಕೆ ಕಾಡಿದೆ, ಗಡಿಕಲ್ಲುಗಳಿವೆ, ಕಾವಲುಗಾರರಿದ್ದಾರೆ. ರಣಹದ್ದಿನ ವಿಷಯ ಹಾಗಲ್ಲ. ಅದರ ಆಹಾರವೆಂದರೆ ರೈತನ ಸತ್ತ ದನ. ಅದನ್ನು ಕೊಂದದ್ದು ರೈತನ ದನಕ್ಕೆ ಚುಚ್ಚಿದ ಔಷಧಿ. ಆದುದರಿಂದ ಅದನ್ನು ಉಳಿಸುವ ಕೆಲಸದ ಮುಖ್ಯ ಭಾಗವೂ ನಡೆಯಬೇಕಾದುದು ಕಾಡಿನಲ್ಲಿ ಅಲ್ಲ, ಕೊಟ್ಟಿಗೆಯಲ್ಲಿ. ಇದು ಈ ಲೇಖಕನ ಖಚಿತ ಅಭಿಪ್ರಾಯ. ಇದನ್ನು ಬಾದಾಮಿ, ಹುನಗುಂದ, ಇಳಕಲ್ಲ, ಬಾಗಲಕೋಟೆ ಕಡೆಯ ರೈತರ ಮುಂದೆ ಇಡಲು ವಿಶೇಷ ಕಾರಣವೂ ಉಂಟು.

ಮಹಾಕೂಟದ ಬಂಡೆಗಳು

ಬಾದಾಮಿಯಿಂದ ಮಹಾಕೂಟಕ್ಕೆ ಗುಡ್ಡದ ಹಾದಿ ಹಿಡಿದು ನಡೆದವರು ಅಲ್ಲಿಯ ಕೆಂಪು ಮರಳುಗಲ್ಲನ್ನು ನೋಡಿಯೇ ಇರುತ್ತಾರೆ. ಗೋಡೆಯಂತೆ ನೆಟ್ಟಗೆ ನಿಂತ ಬಂಡೆ, ನಡುನಡುವೆ ಅಡ್ಡಲಾಗಿ ಚಾಚಿದ ಅಂಚುಗಳು, ಮಳೆ ತಾಗದ ಪೊಟರೆಗಳು. ಚಾಲುಕ್ಯರ ಶಿಲ್ಪಿಗಳಿಗೆ ಗುಹಾಲಯ ಕಡೆಯಲು ಒದಗಿದ ಈ ಕಲ್ಲು ರಣಹದ್ದಿಗೂ ಬೇಕಾದ ಕಲ್ಲೇ. ನಮ್ಮ ದೇಶದಲ್ಲಿರುವ ಒಂಬತ್ತು ಜಾತಿಯ ರಣಹದ್ದುಗಳ ಪೈಕಿ ಉದ್ದ ಕೊಕ್ಕಿನ ರಣಹದ್ದು ಇಂಥ ಕಡಿದಾದ ಬಂಡೆಗಳ ಅಂಚಿನಲ್ಲಿಯೇ ಗೂಡು ಕಟ್ಟುತ್ತದೆ. ಮೈ ಬೆಳ್ಳಗೆ, ಮುಖ ಹಳದಿಯಾಗಿದ್ದು, ಗಾತ್ರದಲ್ಲಿ ಚಿಕ್ಕದಾದ ಬಿಳಿ ರಣಹದ್ದೂ ಬಂಡೆಯ ಸಂದುಗಳನ್ನೇ ಆರಿಸಿಕೊಳ್ಳುತ್ತದೆ. ಬಿಳಿ ಬೆನ್ನಿನ ರಣಹದ್ದು ಎತ್ತರವಾದ ಮರಗಳಲ್ಲಿ ಗೂಡು ಮಾಡುತ್ತದೆ. ಬಂಡೆ ಬಿಸಿಯಾದಂತೆ ಮೇಲೇಳುವ ಗಾಳಿಯನ್ನು ಹಿಡಿದು, ರೆಕ್ಕೆ ಬಡಿಯದೆ ಎತ್ತರಕ್ಕೇರುವುದು ಈ ಭಾರವಾದ ಹಕ್ಕಿಗಳ ಪದ್ಧತಿ. ಒಂದೇ ದಿನದಲ್ಲಿ ಹತ್ತಾರು ಕಿ.ಮೀ., ಕೆಲವೊಮ್ಮೆ ನೂರು ಕಿ.ಮೀ.ಗೂ ಮೀರಿ ಅವು ಆಹಾರ ಹುಡುಕುತ್ತ ಹೋಗುತ್ತವೆ.

ಮಹಾಕೂಟದ ಸುತ್ತ ಬಂಡೆಯ ಗುಡ್ಡ, ಗುಡ್ಡದ ಬುಡದಲ್ಲಿ ಎಂದೂ ಬತ್ತದ ಪುಷ್ಕರಣಿಯ ನೀರು, ಆಚೆ ಮಲಪ್ರಭೆಯ ಬಯಲು, ಬಯಲ ತುಂಬ ದನಕರು, ಕುರಿಗಳ ಹಿಂಡು. ರಣಹದ್ದಿಗೆ ಇದಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ. ಬಂಡೆ ಇನ್ನೂ ಇದೆ, ದನಗಳೂ ಇವೆ. ದನದ ಮೈಯೊಳಗೆ ಸೇರಿದ್ದು ಮಾತ್ರ ಬದಲಾಯಿತು.

ಏನಾಯಿತು?

1980ರ ದಶಕದಲ್ಲಿ ನಮ್ಮ ದೇಶದಲ್ಲಿ ರಣಹದ್ದುಗಳು ಲಕ್ಷಗಟ್ಟಲೆಯಲ್ಲ, ಕೋಟಿಗಟ್ಟಲೆ ಇದ್ದುವೆಂದು ತಜ್ಞರು ಅಂದಾಜು ಮಾಡುತ್ತಾರೆ. ರಾಜಸ್ಥಾನದ ಭರತಪುರದ ಪಕ್ಷಿಧಾಮದಲ್ಲಿ ಅವುಗಳ ಸಂಖ್ಯೆ ಕುಸಿಯುತ್ತಿರುವುದನ್ನು 1990ರ ದಶಕದ ಕೊನೆಯಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಡಾ. ವಿಭು ಪ್ರಕಾಶ್ ಅವರು ಮೊದಲು ವರದಿ ಮಾಡಿದರು. ಅನಂತರ ದೇಶದಾದ್ಯಂತ ರಸ್ತೆಯ ಗುಂಟ ವಾಹನದಲ್ಲಿ ಸಾಗುತ್ತ ಎಣಿಕೆ ಮಾಡಲಾಯಿತು. 1992ರಿಂದ 2007ರ ವರೆಗಿನ ಹದಿನೈದು ವರ್ಷಗಳಲ್ಲಿ ಬಿಳಿ ಬೆನ್ನಿನ ರಣಹದ್ದು ಶೇಕಡಾ 99.9ರಷ್ಟೂ, ಉದ್ದ ಕೊಕ್ಕಿನದು ಶೇಕಡಾ 97ರಷ್ಟೂ ಕಡಿಮೆಯಾಗಿದ್ದುದು ಕಂಡುಬಂದಿತು. ಶೇಕಡಾ 99.9 ಎಂದರೆ ಸಾವಿರ ಹಕ್ಕಿಗಳಿದ್ದ ಕಡೆ ಒಂದು ಉಳಿಯಿತೆಂದು ಅರ್ಥ. ಯಾವ ಕೀಟವನ್ನಾದರೂ ಹೀಗೆ ನಾಶಮಾಡುವ ಕೀಟನಾಶಕವನ್ನು ಈ ಲೇಖಕನು ತನ್ನ ವೃತ್ತಿಯಲ್ಲಿ ಕಂಡಿಲ್ಲ.

ಮೊದಮೊದಲು ಇದು ಯಾವುದೋ ವಿಷಾಣು ರೋಗವೆಂದು ಭಾವಿಸಲಾಗಿತ್ತು. ಸತ್ತ ಹಕ್ಕಿಗಳನ್ನು ಸೀಳಿ ನೋಡಿದಾಗ ಒಳ ಅಂಗಗಳ ಮೇಲೆಲ್ಲ ಸುಣ್ಣ ಬಳಿದಂತೆ ಬಿಳಿಯ ಪುಡಿ ಅಂಟಿಕೊಂಡಿರುತ್ತಿತ್ತು. ಅದು ಯೂರಿಕ್ ಆಮ್ಲದ ಹರಳು. ಮೂತ್ರಪಿಂಡ ಕೆಲಸ ನಿಲ್ಲಿಸಿದಾಗ ಪಕ್ಷಿಗಳ ದೇಹದಲ್ಲಿ ಹೀಗಾಗುತ್ತದೆ. ಅಮೆರಿಕದ ಪಶುವೈದ್ಯ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಪಾಕಿಸ್ತಾನದಲ್ಲಿ ನಡೆಸಿದ ಸಂಶೋಧನೆಯಿಂದ ಇದರ ಮೂಲ ತಿಳಿದುಬಂದು, 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಾರಣ ವಿಷಾಣುವಲ್ಲ, ಡೈಕ್ಲೋಫೆನಾಕ್ ಎಂಬ ನೋವು ನಿವಾರಕ ಔಷಧಿ. ಮನುಷ್ಯರ ಮಂಡಿನೋವಿಗೆ, ಸೊಂಟನೋವಿಗೆ ಕೊಡುವ ಈ ಔಷಧಿ 1990ರ ದಶಕದಲ್ಲಿ ದನಗಳ ಚಿಕಿತ್ಸೆಗೂ ಬಂದಿತ್ತು. ಅಗ್ಗವಾಗಿತ್ತು, ಬೇಗನೆ ಗುಣ ತೋರಿಸುತ್ತಿತ್ತು. ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಎತ್ತಿನ ಕುಂಟು, ಕರು ಹಾಕುವಾಗಿನ ತೊಂದರೆ, ಹೀಗೆ ಎಲ್ಲದಕ್ಕೂ ಅದೇ ಚುಚ್ಚುಮದ್ದು ಎಂಬಂತಾಯಿತು.

ದನಕ್ಕೆ ಇದರಿಂದ ಬಾಧೆಯಿಲ್ಲ. ಚುಚ್ಚಿಸಿಕೊಂಡ ದನ ಎರಡು-ಮೂರು ದಿನಗಳೊಳಗೆ ಸತ್ತರೆ ಮಾತ್ರ ಔಷಧಿಯ ಅಂಶ ಅದರ ಯಕೃತ್ತು, ಮೂತ್ರಪಿಂಡಗಳಲ್ಲಿ ಉಳಿದಿರುತ್ತದೆ. ಅದನ್ನು ತಿಂದ ನಾಯಿಗೂ ಏನೂ ಆಗುವುದಿಲ್ಲ. ರಣಹದ್ದು ಮಾತ್ರ ತಲೆ ಜೋಲು ಬಿಟ್ಟು ಕುಳಿತು, ಒಂದೆರಡು ದಿನಗಳಲ್ಲಿ ಕೊಂಬೆಯಿಂದಲೋ ಬಂಡೆಯಿಂದಲೋ ಬೀಳುತ್ತದೆ.

ಇಲ್ಲಿ ರೈತರು ಸಹಜವಾಗಿಯೇ ಒಂದು ಪ್ರಶ್ನೆ ಕೇಳುತ್ತಾರೆ. ‘ಊರಲ್ಲಿ ಎಲ್ಲೋ ಒಂದು ದನಕ್ಕೆ ಚುಚ್ಚಿಸಿದರೆ ದೇಶದ ಹದ್ದೆಲ್ಲ ಸಾಯುತ್ತದೆಯೇ?’ ಪ್ರಶ್ನೆ ಸರಿಯಾಗಿಯೇ ಇದೆ. ವಿಜ್ಞಾನಿಗಳು ಇದನ್ನೇ ಲೆಕ್ಕ ಹಾಕಿದ್ದಾರೆ. ಬಯಲಿನಲ್ಲಿ ಬೀಳುವ ಸತ್ತ ದನಗಳ ಪೈಕಿ ನೂರಕ್ಕೆ ಒಂದಕ್ಕಿಂತ ಕಡಿಮೆ ಹೆಣಗಳಲ್ಲಿ ಈ ಔಷಧಿ ಇದ್ದರೂ ರಣಹದ್ದಿನ ಕುಲ ಕಂಡಂತೆಯೇ ಕುಸಿಯುತ್ತದೆ. ಏಕೆಂದರೆ ಒಂದು ಹೆಣದ ಮೇಲೆ ಹತ್ತಾರು ಹಕ್ಕಿಗಳು ಒಟ್ಟಿಗೆ ಕೂಡುತ್ತವೆ. ಅಲ್ಲದೆ ಪ್ರತಿಯೊಂದು ಹಕ್ಕಿಯೂ ವರ್ಷದಲ್ಲಿ ನೂರಾರು ಸಲ ಬೇರೆ ಬೇರೆ ಹೆಣಗಳ ಮೇಲೆ ಇಳಿಯುತ್ತದೆ. ಜೋಳದ ರಾಶಿಯಲ್ಲಿ ಕಾಡಿಗೆ ರೋಗದ ನಾಲ್ಕು ತೆನೆ ಸೇರಿಕೊಂಡರೆ ಒಕ್ಕುವಾಗ ಇಡೀ ರಾಶಿಯ ಬೀಜಕ್ಕೆ ಕಾಡಿಗೆಯ ಪುಡಿ ಅಂಟುವುದಿಲ್ಲವೇ, ಅದೇ ರೀತಿ. 2004-05ರಲ್ಲಿ ನಮ್ಮ ದೇಶದಲ್ಲಿ ಸತ್ತ ದನಗಳ ಯಕೃತ್ತನ್ನು ಪರೀಕ್ಷಿಸಿದಾಗ ಸುಮಾರು ಹತ್ತಕ್ಕೆ ಒಂದರಲ್ಲಿ ಡೈಕ್ಲೋಫೆನಾಕ್ ಸಿಕ್ಕಿತು. ಬೇಕಾದುದು ನೂರಕ್ಕೆ ಒಂದಕ್ಕಿಂತ ಕಡಿಮೆ, ಇದ್ದುದು ಹತ್ತಕ್ಕೆ ಒಂದು.

ಮೇಲಾಗಿ ಇದು ನಿಧಾನವಾಗಿ ಬೆಳೆಯುವ ಕುಲ. ಉದ್ದ ಕೊಕ್ಕಿನ ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ಬೆಳೆದು ಗೂಡು ಕಟ್ಟುವಷ್ಟಾಗಲು ಸುಮಾರು ಐದು ವರ್ಷ ಬೇಕು. ಕೋಳಿಯಂತೆ, ಪಾರಿವಾಳದಂತೆ ಹೋದದ್ದನ್ನು ಮರುವರ್ಷವೇ ತುಂಬಿಕೊಳ್ಳುವ ಶಕ್ತಿ ಇದಕ್ಕಿಲ್ಲ.

ಹದ್ದು ಹೋದ ಮೇಲೆ ರೈತ ಕಳೆದುಕೊಂಡದ್ದು

ಹಕ್ಕಿಯ ಮೇಲಿನ ಕನಿಕರಕ್ಕಾಗಿ ಮಾತ್ರ ಈ ಲೇಖನವಲ್ಲ. ರಣಹದ್ದಿನ ಜಠರದ ಆಮ್ಲ ಬಲು ತೀಕ್ಷ್ಣವಾದುದು. ಕೊಳೆತ ಮಾಂಸದಲ್ಲಿರುವ ಬಹುಪಾಲು ರೋಗಾಣುಗಳು ಅಲ್ಲಿಯೇ ನಾಶವಾಗುತ್ತವೆ. ಹದ್ದುಗಳು ಹೋದ ಮೇಲೆ ಅದೇ ಹೆಣ ವಾರಗಟ್ಟಲೆ ಕೊಳೆಯುತ್ತ, ಹಳ್ಳದ ನೀರಿಗೆ ಸೇರುತ್ತ ಬಿದ್ದಿರುತ್ತದೆ. ಅದನ್ನು ತಿನ್ನಲು ಬೀದಿ ನಾಯಿಗಳು ಬಂದವು. 1992ರಿಂದ 2003ರ ನಡುವೆ ದೇಶದಲ್ಲಿ ಕನಿಷ್ಠ 55 ಲಕ್ಷ ನಾಯಿಗಳು ಹೆಚ್ಚಿದವೆಂದು ದನಗಣತಿಯ ಆಧಾರದ ಮೇಲೆ ಅಂದಾಜು ಮಾಡಲಾಗಿದೆ. ಹೆಣದ ಮಾಂಸಕ್ಕೆ ರೂಢಿಯಾದ ನಾಯಿಗಳ ಹಿಂಡು ಕುರಿಮರಿಗಳ ಮೇಲೆ ಬೀಳುವುದಕ್ಕೆ ತಡವಾಗುವುದಿಲ್ಲ ಎಂಬುದನ್ನು ಕುರಿ ಸಾಕಿದವರಿಗೆ ಹೇಳಿಕೊಡಬೇಕಾಗಿಲ್ಲ. ಹುಚ್ಚುನಾಯಿ ಕಡಿತದ ಭಯ ಬೇರೆ.

2024ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಒಂದು ಲೆಕ್ಕವನ್ನು ಪ್ರಕಟಿಸಿದರು. ಮೊದಲು ರಣಹದ್ದುಗಳು ಹೆಚ್ಚಾಗಿದ್ದ ಜಿಲ್ಲೆಗಳಲ್ಲಿ ಅವು ಅಳಿದ ಬಳಿಕ ಮನುಷ್ಯರ ಸಾವಿನ ಪ್ರಮಾಣ ಶೇಕಡಾ 4ಕ್ಕೂ ಹೆಚ್ಚು ಏರಿತೆಂದೂ, 2000ದಿಂದ 2005ರ ವರೆಗೆ ಇದರಿಂದ ಸುಮಾರು 5 ಲಕ್ಷ ಹೆಚ್ಚುವರಿ ಸಾವುಗಳಾದವೆಂದೂ ಅವರ ತೀರ್ಮಾನ. ಇಂಥ ಲೆಕ್ಕಗಳನ್ನು ಕಣ್ಣು ಮುಚ್ಚಿ ಒಪ್ಪಬೇಕಾಗಿಲ್ಲ. ಸಾವಿಗೆ ನೂರು ಕಾರಣಗಳಿರುತ್ತವೆ, ಅವನ್ನು ಬೇರ್ಪಡಿಸುವುದು ಕಷ್ಟ. ಆದರೆ ಈ ಸಂಖ್ಯೆಯಲ್ಲಿ ಅರ್ಧವನ್ನು, ಅಲ್ಲ, ಹತ್ತರಲ್ಲಿ ಒಂಬತ್ತು ಭಾಗವನ್ನು ತೆಗೆದುಹಾಕಿದರೂ ಉಳಿಯುವುದು ಐವತ್ತು ಸಾವಿರ ಜನ.

ಬೇಸಾಯಕ್ಕೆ ಸಂಬಂಧಿಸಿದ ಇನ್ನೊಂದು ನಷ್ಟವನ್ನು ಜನ ಮರೆತೇಬಿಟ್ಟಿದ್ದಾರೆ. ಹದ್ದುಗಳು ಸ್ವಚ್ಛ ಮಾಡಿಟ್ಟ ಎಲುಬನ್ನು ಆರಿಸಿ ಮಾರಿ ಬದುಕುತ್ತಿದ್ದ ಬಡವರು ಹಳ್ಳಿಹಳ್ಳಿಯಲ್ಲೂ ಇದ್ದರು. ಆ ಎಲುಬು ಕಾರಖಾನೆಗೆ ಹೋಗಿ ಎಲುಬಿನ ಗೊಬ್ಬರವಾಗುತ್ತಿತ್ತು. ಹಸಿ ಎಲುಬಿನ ಪುಡಿಯಲ್ಲಿ ಶೇಕಡಾ 3ರಿಂದ 4 ಸಾರಜನಕ, 20ರಿಂದ 25 ರಂಜಕವಿರುತ್ತದೆ. ನಮ್ಮ ಎರೆಭೂಮಿಯಂತಹ ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಇದು ಬೇಗ ಕರಗದು, ಇಲ್ಲಿಗೆ ಇದನ್ನು ಶಿಫಾರಸು ಮಾಡುವಂತಿಲ್ಲ. ಮಲೆನಾಡಿನ ಹುಳಿ ಮಣ್ಣಿನ ತೋಟಗಳಿಗೆ ಮಾತ್ರ ಬಹಳ ಒಳ್ಳೆಯ ಗೊಬ್ಬರ. ನಾಯಿ ಎಳೆದಾಡಿದ, ಮಾಂಸ ಕೊಳೆತು ಹುಳು ಬಿದ್ದ ಹೆಣದ ಎಲುಬನ್ನು ಆರಿಸಲು ಯಾರಿಗೆ ಮನಸ್ಸು ಬಂದೀತು?

ಕಾನೂನು ಬಂದಿದೆ, ಸೀಸೆ ಹೋಗಿಲ್ಲ

ಸರ್ಕಾರ ಸುಮ್ಮನೆ ಕುಳಿತಿತೆಂದು ಹೇಳಲಾಗದು. 2006ರಲ್ಲಿ ದನಗಳಿಗಾಗಿ ಡೈಕ್ಲೋಫೆನಾಕ್ ತಯಾರಿಸುವುದನ್ನು ನಿಲ್ಲಿಸಲಾಯಿತು, 2008ರಲ್ಲಿ ನಿಷೇಧ ಇನ್ನಷ್ಟು ಬಿಗಿಯಾಯಿತು. ಆದರೆ ಮನುಷ್ಯರಿಗೆಂದು ತಯಾರಾದ 30 ಮಿ.ಲೀ. ಸೀಸೆಗಳು ಅಂಗಡಿಗಳಲ್ಲಿ ಉಳಿದವು. ಮನುಷ್ಯನೊಬ್ಬನಿಗೆ ಒಂದು ಸಲಕ್ಕೆ ಬೇಕಾದುದು 3 ಮಿ.ಲೀ. ಹಾಗಿರುವಲ್ಲಿ 30 ಮಿ.ಲೀ. ಸೀಸೆ ಯಾರಿಗೆಂಬುದು ಎಲ್ಲರಿಗೂ ತಿಳಿದ ಗುಟ್ಟಾಗಿತ್ತು. 2015ರಲ್ಲಿ ಮನುಷ್ಯರ ಚುಚ್ಚುಮದ್ದನ್ನೂ 3 ಮಿ.ಲೀ.ನ ಒಂದೇ ಪ್ರಮಾಣದ ಸೀಸೆಯಲ್ಲಿ ಮಾತ್ರ ಮಾರಬೇಕೆಂದು ಆಜ್ಞೆಯಾಯಿತು. ಔಷಧಿ ತಯಾರಕರು ಇದನ್ನು ಪ್ರಶ್ನಿಸಿದಾಗ ಮದರಾಸು ಉಚ್ಚ ನ್ಯಾಯಾಲಯ 2017ರಲ್ಲಿ ಆಜ್ಞೆಯನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಬೇರೆ ಹೆಸರಿನ ಔಷಧಿಗಳು ಅದರ ಜಾಗಕ್ಕೆ ಬಂದಿದ್ದವು. ಕೀಟೋಪ್ರೊಫೆನ್ ಹದ್ದಿಗೆ ವಿಷವೆಂದು ತಿಳಿಯಿತು. ಅಸಿಕ್ಲೋಫೆನಾಕ್ ದನದ ದೇಹದೊಳಗೆ ಹೋಗಿ ಡೈಕ್ಲೋಫೆನಾಕ್ ಆಗಿಯೇ ಮಾರ್ಪಡುತ್ತದೆಂದು ತಿಳಿಯಿತು. ಇವೆರಡನ್ನೂ ದನಗಳಿಗೆ ಬಳಸುವುದನ್ನು 2023ರಲ್ಲಿ ನಿಷೇಧಿಸಲಾಯಿತು. 2024ರ ಡಿಸೆಂಬರಿನಲ್ಲಿ ನಿಮೆಸುಲೈಡ್ ಔಷಧಿಗೂ ಅದೇ ಗತಿಯಾಯಿತು.

ಒಂದನ್ನು ನಿಷೇಧಿಸಿದರೆ ಇನ್ನೊಂದು ಬರುವುದು, ಅದನ್ನು ಪರೀಕ್ಷಿಸಿ ನಿಷೇಧಿಸುವಷ್ಟರಲ್ಲಿ ಹತ್ತು ವರ್ಷ ಕಳೆಯುವುದು: ಈ ಓಟದಲ್ಲಿ ಹದ್ದು ಗೆಲ್ಲಲಾರದು. ದನಗಳಿಗೆ ಕೊಡುವ ಯಾವುದೇ ಹೊಸ ನೋವು ನಿವಾರಕವನ್ನು ರಣಹದ್ದಿಗೆ ನಿರಪಾಯವೆಂದು ಸಿದ್ಧವಾದ ಮೇಲೆಯೇ ಪೇಟೆಗೆ ಬಿಡಬೇಕು. ಹೊಸ ಕೀಟನಾಶಕ ನೋಂದಾಯಿಸುವಾಗ ಜೇನು, ಮೀನು, ಪಕ್ಷಿಗಳ ಮೇಲೆ ಅದರ ಪರಿಣಾಮವೇನೆಂದು ಕೇಳುತ್ತಾರೆ. ದನದ ಔಷಧಿಗೆ ಆ ಪ್ರಶ್ನೆಯನ್ನು ಕೇಳದಿರಲು ಕಾರಣವೇನೂ ಕಾಣುವುದಿಲ್ಲ.

ರೈತನನ್ನು ಇಲ್ಲಿ ಅಪರಾಧಿಯ ಜಾಗದಲ್ಲಿ ನಿಲ್ಲಿಸುವುದು ಅನ್ಯಾಯ. ಹಿಂಗಾರಿ ಬಿತ್ತನೆಯ ಹದ ಬಂದಿರುವಾಗ ಜೋಡಿಯಲ್ಲಿ ಒಂದು ಎತ್ತು ಕುಂಟಿದರೆ ರೈತನ ಸಂಕಟವೇನೆಂದು ಒಕ್ಕಲುತನದ ಮನೆಯವರಿಗೆ ಗೊತ್ತು. ಎರೆಭೂಮಿಯ ಹಸಿ ನಾಲ್ಕು ದಿನ ಕಾಯುವುದಿಲ್ಲ. ಪಶುವೈದ್ಯರು ಹತ್ತು ಊರಿಗೆ ಒಬ್ಬರು. ಆಗ ಊರಿನಲ್ಲಿ ಸೂಜಿ ಚುಚ್ಚಲು ಬಲ್ಲವನನ್ನು ಕರೆದು ಸಿಕ್ಕಿದ್ದನ್ನು ಚುಚ್ಚಿಸುತ್ತಾರೆ. ಕ್ಷೇತ್ರ ಭೇಟಿಗೆ ಹೋದಾಗ ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಖಾಲಿ ಸೀಸೆಗಳ ಸಾಲನ್ನು ಈ ಲೇಖಕನು ಎಷ್ಟೋ ಸಲ ನೋಡಿದ್ದುಂಟು. ಅದರ ಮೇಲಿನ ಹೆಸರನ್ನು ಓದಿ ನೋಡಿದವರು ಮನೆಯಲ್ಲಿ ಯಾರೂ ಇರುವುದಿಲ್ಲ. ಕಳೆನಾಶಕದ ಡಬ್ಬಿಯ ಹೆಸರನ್ನು ಮಾತ್ರ ಚೆನ್ನಾಗಿ ಹೇಳುತ್ತಾರೆ!

ಆದುದರಿಂದ ‘ಚುಚ್ಚಿಸಬೇಡಿ’ ಎಂಬ ಉಪದೇಶ ಕೆಲಸಕ್ಕೆ ಬಾರದು. ಎತ್ತಿಗೆ ನೋವಾದರೆ ಔಷಧಿ ಕೊಡಿಸಲೇಬೇಕು. ಅದಕ್ಕೆ ಮೆಲಾಕ್ಸಿಕಾಮ್ ಎಂಬ ಔಷಧಿಯಿದೆ. ನಮ್ಮ ದೇಶದ ಹಾಗೂ ಹೊರಗಿನ ವಿಜ್ಞಾನಿಗಳು ಇದನ್ನು ರಣಹದ್ದುಗಳಿಗೇ ಕೊಟ್ಟು ಪರೀಕ್ಷಿಸಿ, ಅವುಗಳಿಗೆ ಅಪಾಯವಿಲ್ಲವೆಂದು 2006ರಲ್ಲಿಯೇ ತೋರಿಸಿದ್ದಾರೆ. ನೋವು, ಬಾವು, ಜ್ವರಗಳಿಗೆ ದನಗಳಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಟಾಲ್ಫೆನಾಮಿಕ್ ಆಮ್ಲ ಎಂಬ ಇನ್ನೊಂದು ಔಷಧಿಯೂ ಹದ್ದಿಗೆ ನಿರಪಾಯವೆಂದು ತಿಳಿದುಬಂದಿದೆ. ಪ್ರಮಾಣವೆಷ್ಟು, ಎಷ್ಟು ದಿನ ಎಂಬುದು ಪಶುವೈದ್ಯರು ಹೇಳಬೇಕಾದ ಮಾತು. ರೈತನು ಮಾಡಬೇಕಾದುದು ಇಷ್ಟೇ: ಸೂಜಿ ಚುಚ್ಚುವ ಮುನ್ನ ಸೀಸೆಯನ್ನು ಕೈಗೆ ತೆಗೆದುಕೊಂಡು ಹೆಸರು ಓದುವುದು, ‘ಮೆಲಾಕ್ಸಿಕಾಮ್ ಕೊಡಿರಿ’ ಎಂದು ಬಾಯಿಬಿಟ್ಟು ಕೇಳುವುದು.

ನೂರು ಕಿ.ಮೀ. ಸುತ್ತಳತೆಯ ಮಾತು

ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ‘ಶೋಲೆ’ ಚಲನಚಿತ್ರ ತೆಗೆದ ಬೆಟ್ಟವೆಂದರೆ ಹೆಚ್ಚು ಜನಕ್ಕೆ ಗುರುತು ಸಿಕ್ಕೀತು. ಅಲ್ಲಿಯ ಬಂಡೆಗಳಲ್ಲಿ ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುತ್ತದೆ. ಧಾಮದ ವಿಸ್ತೀರ್ಣ ಸುಮಾರು 346 ಹೆಕ್ಟೇರು. ಘೋಷಣೆ ಸ್ವಾಗತಾರ್ಹವೇ. ಆದರೆ ನೂರು ಕಿ.ಮೀ. ಹಾರುವ ಹಕ್ಕಿಗೆ 346 ಹೆಕ್ಟೇರು ಮಲಗುವ ಕೋಣೆಯಷ್ಟೇ, ಊಟದ ಮನೆ ಹೊರಗಿದೆ. ಧಾಮವಾದ ಮೇಲೂ ಅಲ್ಲಿಯ ಹಕ್ಕಿಗಳು ಬೆರಳೆಣಿಕೆಯಷ್ಟೇ ಉಳಿದಿವೆ.

ಇದಕ್ಕೆ ಪ್ರತಿಯಾಗಿ ಬಂಡೀಪುರ, ನಾಗರಹೊಳೆ, ಮುದುಮಲೆ, ವಯನಾಡುಗಳ ಕಾಡನ್ನು ನೋಡಬಹುದು. ಕರ್ನಾಟಕ, ತಮಿಳುನಾಡು, ಕೇರಳ ಸೇರಿ 2023ರ ಡಿಸೆಂಬರಿನಲ್ಲಿ ನಡೆಸಿದ ಎಣಿಕೆಯಲ್ಲಿ ಈ ಭಾಗದಲ್ಲಿ 320 ರಣಹದ್ದುಗಳು ಕಂಡುಬಂದವು. ಅಲ್ಲಿ ಹದ್ದು ತಿನ್ನುವುದು ಬಹುತೇಕ ಹುಲಿ ಕೊಂದ ಕಡವೆ, ಜಿಂಕೆಗಳನ್ನು. ಕಡವೆಗೆ ಯಾರೂ ಸೂಜಿ ಚುಚ್ಚುವುದಿಲ್ಲ. ಔಷಧಿಯೇ ಮೂಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಕ್ಷೇತ್ರ ಪ್ರಯೋಗ ಬೇಕಿಲ್ಲ.

ನಾಡಿನ ಬಯಲಿನಲ್ಲಿ ಹದ್ದು ಬದುಕಬೇಕಾದರೆ ‘ಸುರಕ್ಷಿತ ವಲಯ’ ಬೇಕೆಂದು ತಜ್ಞರು ಹೇಳುತ್ತಾರೆ. ಗೂಡಿನ ಜಾಗವನ್ನು ನಡುವಿಗೆ ಇಟ್ಟು 100 ಕಿ.ಮೀ. ತ್ರಿಜ್ಯದ ವರ್ತುಲ ಎಳೆದು, ಅದರೊಳಗೆ ಎಲ್ಲಿಯೂ ಹದ್ದಿಗೆ ವಿಷವಾಗುವ ಔಷಧಿ ಸಿಗದಂತೆ ಮಾಡುವುದು ಇದರ ತತ್ವ. ಮಹಾಕೂಟವನ್ನು ನಡುವಿಗೆ ಇಟ್ಟು ನಕ್ಷೆಯ ಮೇಲೆ ಈ ವರ್ತುಲವನ್ನು ಎಳೆದು ನೋಡಿರಿ. ಗದಗ, ಕೊಪ್ಪಳ, ಹುಬ್ಬಳ್ಳಿ, ಧಾರವಾಡ, ಗೋಕಾಕ ಅದರೊಳಗೆ ಬರುತ್ತವೆ. ಉತ್ತರಕ್ಕೆ ಅದು ವಿಜಯಪುರದ ಹತ್ತಿರ ಮುಟ್ಟುತ್ತದೆ. ಸುಮಾರು 31,000 ಚದರ ಕಿ.ಮೀ. ಅಂದರೆ ಗೋಕಾಕದ ಸಂತೆಯಲ್ಲಿ ಕೊಂಡ ಒಂದು ಸೀಸೆ ಮಹಾಕೂಟದ ಬಂಡೆಯ ಗೂಡನ್ನು ಬರಿದು ಮಾಡಬಲ್ಲದು. ಇದನ್ನು ಯಾವ ಒಂದು ತಾಲೂಕಿನ ಅಧಿಕಾರಿಯೂ ಕಾಯಲಾರ. ಹಾಲು ಉತ್ಪಾದಕರ ಸಂಘಗಳು ಹಳ್ಳಿಹಳ್ಳಿಯಲ್ಲಿವೆ, ದನದ ಔಷಧಿಯ ವ್ಯವಹಾರ ಅವುಗಳಿಗೆ ಹೊಸದಲ್ಲ. ಸರ್ಕಾರ ಈ ಕೆಲಸವನ್ನು ಮೊದಲು ಅವುಗಳಿಗೆ ವಹಿಸಬೇಕೆಂದು ಈ ಲೇಖಕನ ಸಲಹೆ.

ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯಲ್ಲಿ ದೊಡ್ಡ ದನದ ಪೇಟೆ ಸೇರುತ್ತದೆ. ಅಲ್ಲಿ ನಾಟಕ ಕಂಪನಿಗಳ ಜಾಹೀರಾತಿಗೆ ಇರುವಷ್ಟು ಜಾಗದಲ್ಲಿ ಹತ್ತನೆಯ ಒಂದು ಪಾಲನ್ನು ಪಶುಸಂಗೋಪನಾ ಇಲಾಖೆ ಪಡೆದು, ಯಾವ ಸೀಸೆ ಬೇಕು, ಯಾವ ಸೀಸೆ ಬೇಡವೆಂದು ದೊಡ್ಡ ಅಕ್ಷರದಲ್ಲಿ ಬರೆಸಿ ನಿಲ್ಲಿಸಿದರೆ ಹತ್ತು ಕರಪತ್ರಗಳ ಕೆಲಸವಾಗುತ್ತದೆ.

ವಿಷ ಹಾಕಿದ ಹೆಣ

ಇನ್ನೊಂದು ಅಪಾಯ ನಮ್ಮ ಶಾಸ್ತ್ರಕ್ಕೆ ನೇರವಾಗಿ ಸಂಬಂಧಿಸಿದ್ದು. ಚಿರತೆಯೋ ತೋಳವೋ ನಾಯಿಯೋ ಕುರಿಯನ್ನು ಕೊಂದಾಗ, ಸಿಟ್ಟಿನಿಂದ ಆ ಹೆಣಕ್ಕೆ ಕೀಟನಾಶಕದ ಹರಳು ಬೆರೆಸಿಡುವ ರೂಢಿ ದೇಶದ ಹಲವೆಡೆ ಇದೆ. ಅಸ್ಸಾಮಿನಲ್ಲಿ ಹೀಗೆ ವಿಷವಿಟ್ಟ ಹೆಣವನ್ನು ತಿಂದು ಒಂದೊಂದು ಸಲಕ್ಕೆ ಹತ್ತಾರು ರಣಹದ್ದುಗಳು ಸತ್ತಿವೆ. ತೋಳ ಸಿಕ್ಕುವುದು ಅಪರೂಪ, ಹದ್ದು ಸಾಯುವುದು ನಿಶ್ಚಿತ. ಕೀಟನಾಶಕವನ್ನು ಹೀಗೆ ಬಳಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಇದಕ್ಕೆ ಹೆಚ್ಚಾಗಿ ಬಳಕೆಯಾಗುತ್ತಿದ್ದವುಗಳಲ್ಲಿ ಒಂದಾದ ಫೋರೇಟ್ ಹರಳನ್ನು 2020ರ ಕೊನೆಯಿಂದ ದೇಶದಲ್ಲಿ ನಿಷೇಧಿಸಲಾಗಿದೆ. ಹಳೆಯ ಚೀಲ ಮನೆಯಲ್ಲಿ ಉಳಿದಿದ್ದರೆ ಅದನ್ನು ಹೊಲಕ್ಕೂ ಬಳಸಕೂಡದು. ಕುರಿ ಕಳೆದುಕೊಂಡವನಿಗೆ ಪರಿಹಾರ ಆ ತಿಂಗಳಲ್ಲಿಯೇ ಕೈಗೆ ಬಂದರೆ ವಿಷ ಇಡುವ ಮನಸ್ಸು ಯಾರಿಗೂ ಬಾರದು. ಪರಿಹಾರಕ್ಕಾಗಿ ಅಲೆಸುವ ಕಚೇರಿಗಳೂ ಹದ್ದಿನ ಸಾವಿನಲ್ಲಿ ಪಾಲುಗಾರರೇ.

ಸತ್ತ ದನವನ್ನು ಏನು ಮಾಡಬೇಕು?

ಈಗ ಬಹಳ ಊರುಗಳಲ್ಲಿ ಸತ್ತ ದನವನ್ನು ಹೂಳುತ್ತಾರೆ. ನೆರಡಿ ರೋಗ, ಚಪ್ಪೆ ರೋಗ, ಗಳಲೆ ರೋಗ, ಚರ್ಮಗಂಟು ರೋಗಗಳಿಂದ ಸತ್ತ ದನವನ್ನು ಸುಣ್ಣ ಹಾಕಿ ಆಳವಾಗಿ ಹೂಳಲೇಬೇಕು. ನೆರಡಿಯ ಸಂಶಯವಿದ್ದರಂತೂ ಹೆಣವನ್ನು ಸುಲಿಯಲೂ ಕೂಡದು. ಸಾವಿಗೆ ಮುಂಚೆ ನಾಲ್ಕಾರು ದಿನಗಳಲ್ಲಿ ಯಾವ ನೋವಿನ ಔಷಧಿ ಚುಚ್ಚಿಸಿದ್ದೆಂದು ಗೊತ್ತಿಲ್ಲದ ದನವನ್ನೂ ಹೂಳುವುದೇ ಸರಿ. ಆದರೆ ಮುಪ್ಪಿನಿಂದ, ಬಿದ್ದು ಕಾಲು ಮುರಿದು, ಹಾವು ಕಡಿದು ಸತ್ತ, ಔಷಧಿ ಸೋಕದ ದನವನ್ನು ಊರಿಗೂ ನೀರಿಗೂ ವಿದ್ಯುತ್ ತಂತಿಗೂ ದೂರವಾದ, ಬೇಲಿ ಹಾಕಿದ ಜಾಗದಲ್ಲಿ ಹದ್ದಿಗೆಂದು ಬಿಡುವ ಏರ್ಪಾಡನ್ನು ಗ್ರಾಮ ಪಂಚಾಯತಿಗಳು ಮಾಡಬಹುದು.

ಇದು ಬರಿಯ ಕಲ್ಪನೆಯಲ್ಲ. ನೇಪಾಳದ ನವಲಪರಾಸಿ ಜಿಲ್ಲೆಯ ಪಿಥೌಲಿಯಲ್ಲಿ 2006ರಿಂದ ಊರವರೇ ಇದನ್ನು ನಡೆಸುತ್ತಿದ್ದಾರೆ. ದುಡಿಯಲಾರದ ಮುದಿ ದನಗಳನ್ನು ರೈತರಿಂದ ಪಡೆದು, ಡೈಕ್ಲೋಫೆನಾಕ್ ಸೋಕಿಸದೆ ಸಾಯುವವರೆಗೆ ಸಾಕುತ್ತಾರೆ. ಸತ್ತ ಮೇಲೆ ಬಯಲಿಗೆ ಹಾಕುತ್ತಾರೆ. ನೋಡಲು ಬರುವ ಪ್ರವಾಸಿಗಳಿಂದ ಊರಿಗೆ ಆದಾಯವೂ ಇದೆ. ಆ ದೇಶದಲ್ಲಿ ಬಿಳಿ ಬೆನ್ನಿನ ರಣಹದ್ದು ಕಳೆದ ಹತ್ತು-ಹನ್ನೆರಡು ವರ್ಷಗಳಲ್ಲಿ ಮತ್ತೆ ಹೆಚ್ಚುತ್ತಿದೆ. ನಮ್ಮಲ್ಲಿ ಮುದಿ ದನಗಳಿಗೆ ಗೋಶಾಲೆಗಳಿವೆ. ಅಲ್ಲಿ ದನ ಸಾಯುವುದು ಸಹಜ, ಅವುಗಳಿಗೆ ಯಾವ ಔಷಧಿ ಕೊಟ್ಟರೆಂಬ ದಾಖಲೆ ಇಡುವುದೂ ಸುಲಭ. ಮೊದಲ ಪ್ರಯತ್ನ ಅಲ್ಲಿಂದಲೇ ಆಗಬೇಕು.

ತಮಿಳುನಾಡಿನ ತಿರುಕ್ಕಳುಕುಂದ್ರಂ ದೇವಾಲಯದಲ್ಲಿ 1990ರ ದಶಕದವರೆಗೂ ಬಿಳಿ ರಣಹದ್ದಿನ ಜೋಡಿಯೊಂದು ಮಧ್ಯಾಹ್ನದ ಹೊತ್ತಿಗೆ ಬಂದು ಅರ್ಚಕರ ಕೈಯಿಂದ ಪ್ರಸಾದ ತಿಂದು ಹೋಗುತ್ತಿತ್ತು. ಭಕ್ತಿಗೆ ಅಲ್ಲಿ ಕೊರತೆಯಿರಲಿಲ್ಲ, ಆದರೂ ಜೋಡಿ ಉಳಿಯಲಿಲ್ಲ.

ಹದ್ದುಗಳು ನಾಳೆಯೇ ಮಹಾಕೂಟದ ಬಂಡೆಗೆ ತುಂಬಿಕೊಂಡಾವೆಂದು ಭರವಸೆ ಕೊಡುವುದು ವಿಜ್ಞಾನಿಗೆ ಸಲ್ಲದ ಮಾತು. 2015ರ ಅಂದಾಜಿನಂತೆ ಇಡೀ ದೇಶದಲ್ಲಿ ಉದ್ದ ಕೊಕ್ಕಿನವು ಸುಮಾರು 12,000, ಬಿಳಿ ಬೆನ್ನಿನವು ಸುಮಾರು 6,000 ಉಳಿದಿದ್ದವು. ನಿಷೇಧದ ನಂತರ ಕುಸಿತದ ವೇಗ ತಗ್ಗಿದೆ ಎಂಬುದಷ್ಟೇ ಸದ್ಯದ ಸಮಾಧಾನ. ಹರಿಯಾಣದ ಪಿಂಜೋರಿನಂತಹ ಕೇಂದ್ರಗಳಲ್ಲಿ ಸಾಕಿ ಬೆಳೆಸಿದ ಹಕ್ಕಿಗಳನ್ನು ಹೊರಗೆ ಬಿಡುವ ಕೆಲಸ ನಡೆದಿದೆ. ಅವನ್ನು ಎಲ್ಲಿ ಬಿಡಬೇಕೆಂದು ನಿರ್ಧರಿಸುವ ಮೊದಲು ಆ ಪ್ರದೇಶದ ಔಷಧಿ ಅಂಗಡಿಗಳಲ್ಲಿ ಏನು ಮಾರಾಟವಾಗುತ್ತಿದೆ, ಸತ್ತ ದನಗಳಲ್ಲಿ ಏನಿದೆ ಎಂಬುದನ್ನು ನೋಡಬೇಕಾಗುತ್ತದೆ. ನಮ್ಮ ಸೀಮೆ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗುವಂತೆ ಇರಬೇಕು.

ಈ ಮಧ್ಯೆ ಗುಡ್ಡದಲ್ಲಿ ಕುರಿ, ದನ ಮೇಯಿಸುವವರು ತಲೆ ಜೋಲು ಬಿಟ್ಟು ಕುಳಿತ, ಹತ್ತಿರ ಹೋದರೂ ಹಾರದ ರಣಹದ್ದನ್ನು ಕಂಡರೆ ಅದನ್ನು ಮುಟ್ಟದೆ, ನಾಯಿಗಳಿಂದ ಕಾದು, ಹತ್ತಿರದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಕೂಡಲೆ ತಿಳಿಸತಕ್ಕದ್ದು. ಸತ್ತ ಹಕ್ಕಿ ಕಂಡರೂ ಹೂಳದೆ ತಿಳಿಸಬೇಕು. ಒಂದು ದಿನದೊಳಗೆ ಹೆಣ ಪರೀಕ್ಷೆಗೆ ಸಿಕ್ಕರೆ ಯಾವ ಔಷಧಿಯಿಂದ ಸತ್ತಿತೆಂಬುದನ್ನು ಪ್ರಯೋಗಾಲಯದಲ್ಲಿ ಕಂಡುಹಿಡಿಯಬಹುದು. ಕಂಡ ಜಾಗ, ಹೊತ್ತು, ಸುತ್ತ ಸತ್ತ ದನವೇನಾದರೂ ಇತ್ತೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಇನ್ನೂ ಒಳ್ಳೆಯದು.